ಕರಿಯ ಹಳದಿಯಾದ ವಾರ

ನಮ್ಮ ನಾಯಿ ಕರಿಯನಿಗೆ ಹಿಂದಿನ ತೊಡೆ ಮೇಲೆ ಒಂದು ಗಾಯವಾಯಿತು. ಸಂಜೆ ನೋಡಿದಾಗ ಎಂಟಾಣೆ ಬಿಲ್ಲೆಯಷ್ಟಿತ್ತು. ಬೆಳಿಗ್ಗೆ ಏಳುವ ಹೊತ್ತಿಗೆ ಅಂಗೈ ಅಗಲ. ಕೂದಲು ಅಂಟಂಟು, ಕೆಳಗೆ ಕೆಂಪು, ಮೇಲೆ ಒಂಥರಾ ಕಮಟು ವಾಸನೆ. ಯಾವ ನಾಯಿಯೂ ಕಚ್ಚಿರಲಿಲ್ಲ. ಇವನೇ ರಾತ್ರಿಯೆಲ್ಲ ಕೂತು ನೆಕ್ಕಿ, ಕಡಿದು, ಅಷ್ಟು ದೊಡ್ಡದು ಮಾಡಿಕೊಂಡಿದ್ದ.

ಮಂಡ್ಯದಲ್ಲಿ ಮನುಷ್ಯನಿಗೆ ಕಾಯಿಲೆಯಾದರೆ ಜನ ಡಾಕ್ಟರ ಹೆಸರು ಹೇಳುತ್ತಾರೆ. ನಾಯಿಗಾದರೆ ಅವರೇ ಡಾಕ್ಟರಾಗುತ್ತಾರೆ.

ಮೊದಲು ಬಂದದ್ದು ಪಕ್ಕದ ಮನೆ ಅಜ್ಜಿ. "ಇದ್ಕೆಲ್ಲಾ ಯಾವ್ ಆಸ್ಪತ್ರೆ ಕಣಪ್ಪ? ಅರಿಸ್ನ, ಕೊಬ್ರಿ ಎಣ್ಣೆ ಕಲ್ಸಿ ಹಚ್ಬುಡು" ಅಂದರು. ಹಚ್ಚಿದೆ. ಕರಿಯನಿಗೆ ಔಷಧಿ ತುಂಬಾ ಇಷ್ಟವಾಯಿತು. ಐದು ನಿಮಿಷದಲ್ಲಿ ನೆಕ್ಕಿ ಮುಗಿಸಿ, ಇನ್ನೂ ಇದೆಯಾ ಅಂತ ಬಟ್ಟಲಿನ ಕಡೆ ನೋಡಿದ. ಎಣ್ಣೆ ಹೊಟ್ಟೆ ಸೇರಿತು, ಅರಿಶಿನ ಊರೆಲ್ಲ ಹರಡಿತು. ಮೂತಿ ಹಳದಿ, ಕಾಲು ಹಳದಿ, ಅವನು ಒರಗುವ ಜಗಲಿ ಗೋಡೆ ಹಳದಿ. ಎರಡು ದಿನ ಅರಿಶಿನ ಶಾಸ್ತ್ರ ಮುಗಿಸಿದ ಮದುಮಗನಂತೆ ಬೀದಿಯಲ್ಲಿ ಓಡಾಡಿಕೊಂಡಿದ್ದ.

ಹಾಲು ಹಾಕುವ ಅಣ್ಣ ಅದನ್ನು ನೋಡಿ ನಕ್ಕರು. ಎತ್ತಿನ ಹೆಗಲು ಹುಣ್ಣಾದರೆ ಅವರಪ್ಪ ಹಚ್ಚುತ್ತಿದ್ದದ್ದು ಹೊಂಗೆ ಎಣ್ಣೆಯಂತೆ. "ಕಹಿ ಕಣಣ್ಣ, ನಾಲ್ಗೆ ಇಕ್ಕಕ್ಕಿಲ್ಲ" ಎಂದು ಭರವಸೆ ಕೊಟ್ಟರು. ಅದು ನಿಜ. ಕರಿಯ ಒಂದು ಸಲ ನೆಕ್ಕಿ, ಸೀನಿ, ನನ್ನನ್ನು ಒಂದು ದಿನ ಮಾತಾಡಿಸಲಿಲ್ಲ. ಆದರೆ ನೆಕ್ಕದಿದ್ದರೇನು, ಒರೆಸುವುದು ಗೊತ್ತಲ್ಲ. ಸೋಫಾಕ್ಕೆ ಒರೆಸಿದ, ನನ್ನ ಹೊದಿಕೆಗೆ ಒರೆಸಿದ. ಮನೆ ಗಾಣದ ಹಾಗೆ ವಾಸನೆ ಹೊಡೆಯಿತು. ಗಾಯದ ಮೇಲೆ ಧೂಳು, ಕೂದಲು ಸೇರಿಕೊಂಡು ಒಂದು ಪದರವೇ ಕಟ್ಟಿತು.

ಪಾಂಡವಪುರದ ಕಡೆಯ ನಮ್ಮ ಭಾವ ಫೋನಿನಲ್ಲೇ ಸುಣ್ಣ ಬೆಲ್ಲ ಕಲಸಿ ಹಚ್ಚಲು ಹೇಳಿದರು. ಆಲೆಮನೆ ಇಟ್ಟವರು, ಬೆಲ್ಲ ಬಿಟ್ಟು ಬೇರೆ ಏನು ಹೇಳುತ್ತಾರೆ? ಇದನ್ನು ಮಾತ್ರ ನಾನು ಮಾಡಲಿಲ್ಲ. ಸುಣ್ಣ ಸುಡುತ್ತದೆ. ಬೆಲ್ಲಕ್ಕೆ ಕರಿಯನ ಜೊತೆ ಇರುವೆಯೂ ಬರುತ್ತದೆ.

ಈ ಔಷಧಿಗಳನ್ನೆಲ್ಲ ದಡ್ಡತನ ಅಂತ ನಾನು ಹೇಳಲಾರೆ. ನನ್ನ ಮಂಡಿ ತರಚಿದಾಗ ಇದೇ ಅರಿಶಿನ ಹಚ್ಚಿದ್ದರು. ಆದರೆ ನಾನು ನನ್ನ ಮಂಡಿ ನೆಕ್ಕಲಿಲ್ಲ. ಮನೆಮದ್ದು ಹುಟ್ಟಿದ್ದು ಸುಮ್ನೆ ಕೂರುವ ರೋಗಿಗೆ. ನಾಯಿಗೆ ಉದ್ದ ನಾಲಿಗೆಯಿದೆ, ಮತ್ತು ಅದನ್ನು ಎಲ್ಲಿಗೆ ಬೇಕಾದರೂ ಮುಟ್ಟಿಸುವಷ್ಟು ಬಗ್ಗುವ ಬೆನ್ನಿದೆ. "ನಾಯಿ ನಾಲ್ಗೇಲೇ ಔಸ್ತಿ ಅದೆ" ಅಂತ ಅಜ್ಜಿ ಅನ್ನುವುದೂ ಪೂರ್ತಿ ಸುಳ್ಳಲ್ಲ. ನಾಯಿಯ ಜೊಲ್ಲು ಕೆಲವು ರೋಗಾಣುಗಳನ್ನು ಕೊಲ್ಲುತ್ತದೆ. ಅದೇ ಬಾಯಿಂದ ಇವನು ಬೆಳಿಗ್ಗೆ ಚರಂಡಿ ಪರೀಕ್ಷೆ ಮಾಡಿ ಬಂದಿರುತ್ತಾನೆ ಅನ್ನುವುದನ್ನು ಅಜ್ಜಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ನಾಲ್ಕನೇ ದಿನ ನೊಣ ಮುತ್ತಿದವು. ಹುಳ ಬಿದ್ದರೆ ಗತಿಯೇನು ಅಂತ ಹೆದರಿ ಪಶು ಆಸ್ಪತ್ರೆಗೆ ಹೊರಟೆ. ಹಳದಿ ನಾಯಿಯನ್ನು ನೋಡಿದ ಡಾಕ್ಟರಮ್ಮನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಎಣ್ಣೆ ಎಷ್ಟು ತರದ್ದು ಹಚ್ಚಿದ್ದೀರಿ?" ಅಂತ ಮಾತ್ರ ಕೇಳಿದರು. ಎರಡು ಅಂದೆ.

ಅವರು ಮೊದಲು ಕೈಗೆತ್ತಿಕೊಂಡದ್ದು ಕತ್ತರಿ. ಗಾಯದ ಸುತ್ತ ಕೂದಲು ತೆಗೆಯುತ್ತಾ ಹೋದಂತೆ ಕೆಳಗೊಂದು ಉಣ್ಣೆ ಹುಳ ಸಿಕ್ಕಿತು. ರಕ್ತ ಕುಡಿದು ಥೇಟ್ ಹರಳು ಬೀಜದ ಮರಿಯಂತೆ ಊದಿತ್ತು. ಲ್ಯಾಟಿನ್ ಭಾಷೆಯಲ್ಲಿ ಉಣ್ಣೆಗೂ ಹರಳಿಗೂ ಒಂದೇ ಹೆಸರು, ರಿಸಿನಸ್. ಹಳೇ ರೋಮಿನವರೂ ಜಗಲಿ ಮೇಲೆ ಕೂತು ನಾಯಿ ಮೈ ಹೆಕ್ಕಿದವರೇ ಇರಬೇಕು.

ಈ ಗಾಯಕ್ಕೆ ಬೇಕಾದ್ದು ಗಾಳಿ. ನಾವು ಎಣ್ಣೆ ಬಳಿದು ಪಸೆಯನ್ನು ಒಳಗೇ ಕೂಡಿಹಾಕಿದ್ದೆವು. ನಾಯಿ ಚರ್ಮದ ಮೇಲ್ಪದರ ನಮ್ಮದಕ್ಕಿಂತ ತೆಳು, ಸೀಮೆಎಣ್ಣೆ, ಡೆಟಾಲ್ ಅಂತ ಪ್ರಯೋಗ ಮಾಡಬೇಡಿ, ನಿಮ್ಮ ನೋವಿನ ಮಾತ್ರೆ ಕೊಡಲೇಬೇಡಿ ಅಂದರು. ತುರಿಕೆಗೊಂದು ಇಂಜೆಕ್ಷನ್ ಆಯಿತು. ಮನೆಗೆ ಹೇಳಿದ್ದು ಇಷ್ಟೇ: ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ದಿನಕ್ಕೆರಡು ಸಲ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ ಆರಿಸಿ. ನೆಕ್ಕದ ಹಾಗೆ ನೋಡಿಕೊಳ್ಳಿ. ಅಜ್ಜಿ ಹೇಳಿದ್ದಕ್ಕಿಂತ ಅಗ್ಗದ ಔಷಧಿ!

ನೆಕ್ಕದ ಹಾಗೆ ಮಾಡುವುದೇ ಕಷ್ಟ. ಹಳೇ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಹೊಲಿದು ಕುತ್ತಿಗೆಗೆ ಕಟ್ಟಿದೆ. ಹಳೇ ಗ್ರಾಮಫೋನ್ ತಟ್ಟೆಗಳ ಮೇಲೆ ಕೊಳವೆ ಮುಂದೆ ಕೂತ ನಾಯಿಯ ಚಿತ್ರವಿರುತ್ತದಲ್ಲ, ನಮ್ಮವನು ಕೊಳವೆಯೊಳಗೇ ಕೂತಿದ್ದ. ಬಾಗಿಲಿಗೆ, ಮಂಚಕ್ಕೆ, ನನ್ನ ಮೊಣಕಾಲಿಗೆ ಹೊಡೆದುಕೊಂಡು ಓಡಾಡಿದ. ಬೊಗಳಿದರೆ ಎರಡು ಬೀದಿಗೆ ಕೇಳುತ್ತಿತ್ತು.

ಹತ್ತು ದಿನಕ್ಕೆ ಗಾಯ ಒಣಗಿ ಸಣ್ಣ ಕೂದಲು ಬಂತು. ಹಾಲಿನ ಅಣ್ಣ ಹೊಂಗೆ ಎಣ್ಣೆಯ ಮಹಿಮೆ ಅಂದರು, ನಾನು ಹೂಂ ಅಂದೆ. ಅಜ್ಜಿ ಅರಿಶಿನ ಅಂದರು, ಅದಕ್ಕೂ ಹೂಂ ಅಂದೆ. ಗೋಡೆ ಮೇಲಿನ ಹಳದಿ ಹಾಗೇ ಇದೆ.

ನಿನ್ನೆ ಕರಿಯ ಜಗಲಿಯಲ್ಲಿ ಕೂತು ಕಿವಿ ಕೆರೆದುಕೊಳ್ಳುತ್ತಿದ್ದ. ಕಾಂಪೌಂಡಿನ ಆಚೆಯಿಂದ ದನಿ ಬಂತು: "ಕಿವಿಗೂ ಒಸಿ ಅರಿಸ್ನ ಕಲ್ಸ್ಕೊಡ್ಲಾ ಕಣಪ್ಪ?"

ಕರಿಯ ಎದ್ದು ಮಂಚದ ಕೆಳಗೆ ಹೋದ.