ಜಗಲಿ ಒಡೆದು ಕಮಾನು ಅಂಟಿಸಿದರು

ಬೆಳಿಗ್ಗೆ ವಾಕಿಂಗ್ ಹೋದವನು ಬಿಪಿ ಏರಿಸಿಕೊಂಡು ಮನೆಗೆ ಬಂದೆ. ಕಾಫಿ ಲೋಟ ಕೈಗೆ ಕೊಡುತ್ತಲೇ ಹೆಂಡತಿ, "ಯಾರ ಜೊತೆ ಜಗಳ ಆಡ್ಕೊಂಡು ಬಂದ್ರಿ?" ಅಂದಳು. ಯಾರ ಜೊತೆಯೂ ಆಡಲಿಲ್ಲ, ಅದೇ ಹೊಟ್ಟೆಯುರಿ. ಅಲ್ಲಿ ಆಡಬೇಕಾಗಿದ್ದನ್ನ ಇಲ್ಲಿ ಬರೀತಿದ್ದೀನಿ. ಉದ್ದ ಆಗುತ್ತೆ, ಪುರುಸೊತ್ತಿದ್ದವರು ಓದಿ.

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಹಳೇ ಮನೆ ಇತ್ತಲ್ಲ, ಮೈಸೂರಿನವರಿಗೆ ಇಷ್ಟು ಹೇಳಿದರೆ ಸಾಕು: ಹಸಿರು ಬಾಗಿಲು, ಉದ್ದಕ್ಕೂ ಜಗಲಿ, ಎರಡು ಮರದ ಕಂಬ, ಮೇಲೆ ಮಂಗಳೂರು ಹೆಂಚು. ಮಧ್ಯಾಹ್ನದ ಬಿಸಿಲಿಗೆ ಪೋಸ್ಟ್‌ಮ್ಯಾನ್ ಅದೇ ಜಗಲಿ ಮೇಲೆ ಕೂತು ಕಾಗದ ಜೋಡಿಸಿಕೊಳ್ತಿದ್ದ. ಹೂವಿನವಳು ಬುಟ್ಟಿ ಇಳಿಸ್ತಿದ್ದದ್ದೂ ಅಲ್ಲೇ. ನಾನು ಏಳನೇ ಕ್ಲಾಸಿನಲ್ಲಿ ಫೇಲಾದ ದಿನ ಮನೆಗೆ ಹೋಗೋ ಧೈರ್ಯ ಇಲ್ಲದೆ ಕತ್ತಲಾಗೋ ತನಕ ಕೂತಿದ್ದದ್ದೂ ಅಲ್ಲೇ. ಆ ಮನೆ ಈಗ ಕೆಫೆ ಆಗ್ತಿದೆ. ಆಗಲಿ, ನನ್ನದೇನೂ ತಕರಾರಿಲ್ಲ. ಬೀಗ ಜಡಿದು ಗೆದ್ದಲಿಗೆ ಬಿಡೋದಕ್ಕಿಂತ ನಾಲ್ಕು ಜನ ಕಾಫಿ ಕುಡಿದರೆ ಒಳ್ಳೇದೇ.

ತಕರಾರು ಇರೋದು ಹೊರಗೆ ಕಟ್ಟಿರೋ ಫ್ಲೆಕ್ಸ್ ಬಗ್ಗೆ. 'ಹೆರಿಟೇಜ್ ಥೀಮ್' ಅಂತೆ.

ಆ ಥೀಮಿಗಾಗಿ ಏನು ಮಾಡಿದ್ದಾರೆ ಗೊತ್ತಾ? ಜಗಲಿ ಚಪ್ಪಡಿ ಕಿತ್ತು ಬೈಕ್ ಹತ್ತಿಸೋಕೆ ಇಳಿಜಾರು ಮಾಡಿದ್ದಾರೆ. ಮರದ ಕಂಬ ಎರಡೂ ನಾಪತ್ತೆ, ಯಾವುದೋ ಆಂಟಿಕ್ ಅಂಗಡಿ ಸೇರಿರುತ್ತೆ. ಹೆಂಚು ಇಳಿಸಿ, ಹೆಂಚಿನ ಹಾಗೇ ಕಾಣೋ ತಗಡಿನ ಶೀಟ್ ಹೊದಿಸಿದ್ದಾರೆ. ಇಳಿಸಿದ ಹೆಂಚಲ್ಲಿ ನಾಲ್ಕನ್ನ ವಾರ್ನಿಷ್ ಹೊಡೆದು ಕ್ಯಾಶ್ ಕೌಂಟರಿನ ಹಿಂದಿನ ಗೋಡೆಗೆ ಅಂಟಿಸಿ ಮೇಲಿಂದ ಲೈಟ್ ಬಿಟ್ಟಿದ್ದಾರೆ! ತಲೆ ಕಾಯೋ ಹೆಂಚು ಗೋಡೆ ಮೇಲೆ ಶೋಕಿಗೆ, ಶೋಕಿ ತಗಡು ತಲೆ ಮೇಲೆ. ಜಗಲಿ ಇದ್ದ ಜಾಗದಲ್ಲಿ ಫೈಬರಿನ ಮೂರು ಕಮಾನು. ಸ್ಕ್ರೂ ಹಾಕ್ತಿದ್ದ ಹುಡುಗನನ್ನ ಕೇಳಿದೆ, ಇದೇನಪ್ಪಾ ಅಂತ.

"ಅರಮನೆ ಲುಕ್ ಬೇಕಂತೆ ಸಾರ್."

ಅಲ್ಲಾ ಕಣ್ರೀ, ಜನಿವಾರ ಹೊಸೆದು ಜೀವನ ಮಾಡ್ತಿದ್ದವರ ಮನೆಗೆ ಅರಮನೆ ಲುಕ್! ನಮ್ಮ ಅಗ್ರಹಾರದ ಮನೆಗಳಿಗೆ ಕಮಾನು ಯಾವ ಕಾಲದಲ್ಲಿತ್ತು? ಇದ್ದದ್ದು ಜಗಲಿ, ಪಡಸಾಲೆ, ಮಧ್ಯದಲ್ಲಿ ತೊಟ್ಟಿ, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ ಒರಗಿಕೊಂಡ ಸಾಲು. ಆ ಬೀದಿಯ ಚರಿತ್ರೆ ಅಂತ ಏನಾದರೂ ಇದ್ದರೆ ಅದು ಸೊಂಟದೆತ್ತರದ ಆ ಜಗಲಿಯಲ್ಲಿತ್ತು. ಇದ್ದದ್ದನ್ನ ಕಿತ್ತು, ಇಲ್ಲದ್ದನ್ನ ಅಂಟಿಸಿ, ಅದಕ್ಕೆ ಹೆರಿಟೇಜ್ ಅಂತ ಹೆಸರಿಟ್ಟು, ಒಂದು ಫಿಲ್ಟರ್ ಕಾಫಿಗೆ ನೂರಿಪ್ಪತ್ತು ರೂಪಾಯಿ ಇಸ್ಕೋತಾರೆ. ನೋಡ್ತಿರಿ.

ಅರಮನೆ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಈಗಿರೋ ಮೈಸೂರು ಅರಮನೆ ನೀವಂದುಕೊಂಡಷ್ಟು ಹಳೇದಲ್ಲ. ಮೊದಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆ ಹೊತ್ತಲ್ಲಿ ಸುಟ್ಟುಹೋಯ್ತು. ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ವಾಸ್ತುಶಿಲ್ಪಿ ಹೊಸದರ ನಕ್ಷೆ ಹಾಕಿದ, 1912ಕ್ಕೆ ಕಟ್ಟಿ ಮುಗೀತು. ಸುಟ್ಟದ್ದು ಮರ, ಅದಕ್ಕೇ ಹೊಸದಕ್ಕೆ ಕಲ್ಲು, ಇಟ್ಟಿಗೆ, ಕಬ್ಬಿಣ. ಕಲ್ಯಾಣ ಮಂಟಪದಲ್ಲಿ ನೀವು ಕತ್ತೆತ್ತಿ ನೋಡೋ ಆ ಕಂಬಗಳು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಲ್ಲಿ ಬಂದವು. ಸುಟ್ಟುಹೋದ ಮರದ ಅರಮನೆಗೆ ಹೋಲಿಸಿದರೆ ಅದು ಹೊಸಾ ತಂತ್ರ. ಎರಕದ ಕಂಬಕ್ಕೆ ಮರದ ವೇಷ ಹಾಕಿ ಸುಟ್ಟುಹೋದದ್ದೇ ಎದ್ದುಬಂತು ಅಂತ ಯಾರೂ ನಂಬಿಸೋಕೆ ಹೋಗಲಿಲ್ಲ. ಹಾಗಾಗಿ ಹೊಸದು ಬೇಡ ಅನ್ನೋನು ನಾನಲ್ಲ. ಕೆಫೆಗೆ ಗಾಜು ಬೇಕಾ, ಗಾಜು ಹಾಕಿ. ಸ್ಟೀಲ್ ಬೇಕಾ, ಹಿಂದಿನ ಅಂಗಳದಲ್ಲಿ ಸ್ಟೀಲ್ ಕಂಬ ನಿಲ್ಲಿಸಿ. ಜಗಲಿ ಮುಟ್ಟಬೇಡಿ, ಸೂರಿನ ಎತ್ತರ ಮೀರಬೇಡಿ, ಅಷ್ಟೇ. 1964ರಲ್ಲಿ ಇಟಲಿಯ ವೆನಿಸ್‌ನಲ್ಲಿ ಕೂತು ಹಳೇ ಕಟ್ಟಡ ಉಳಿಸೋ ಕಸುಬಿನ ದೊಡ್ಡವರು ಒಪ್ಪಂದ ಬರೆದುಕೊಂಡರಲ್ಲ, ಅದರಲ್ಲೂ ಇರೋದು ಇದೇ: ಊಹೆ ಶುರುವಾಗೋ ಕಡೆ ದುರಸ್ತಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹಳೇದಕ್ಕೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತಾಗಬೇಕು. ನಮ್ಮ ಕೆಫೆಯಲ್ಲಿ ದುರಸ್ತಿ ಶುರುವಾಗಿದ್ದೇ ಊಹೆಯಿಂದ.

ಒಂದು ಕೆಫೆಗೆ ಇಷ್ಟು ರೇಗಾಟ ಯಾಕೆ ಅಂತೀರಾ? ಊರಿಗೆ ಊರೇ ಹೀಗೇ ಯೋಚನೆ ಮಾಡ್ತಿದೆ, ಅದಕ್ಕೆ. ನಮ್ಮ ಮೈಸೂರಿನ ದೇವರಾಜ ಮಾರ್ಕೆಟ್ಟು, ಲ್ಯಾನ್ಸ್‌ಡೌನ್ ಬಿಲ್ಡಿಂಗು ವಿಷಯ ನಿಮಗೆ ಗೊತ್ತಿರೋದೇ. ಮಾರ್ಕೆಟ್ಟು 1886ರದ್ದು, ಲ್ಯಾನ್ಸ್‌ಡೌನ್ 1892ರದ್ದು, ವೈಸರಾಯ್ ಬಂದ ನೆನಪಿಗೆ ಕಟ್ಟಿದ್ದು. 2012ರ ಆಗಸ್ಟಲ್ಲಿ ಲ್ಯಾನ್ಸ್‌ಡೌನಿನ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರ ಆಗಸ್ಟಲ್ಲಿ ಮಾರ್ಕೆಟ್ಟಿನ ಉತ್ತರದ ಬಾಗಿಲು ಬಿತ್ತು. ಬಿದ್ದದ್ದು ಯಾವಾಗ? ದುರಸ್ತಿ ನಡೀತಿದ್ದಾಗ! ಇದನ್ನ ಯಾರೂ ಎರಡನೇ ಸಲ ಹೇಳಲ್ಲ. ಅವತ್ತಿಂದ ಇವತ್ತಿನವರೆಗೂ ಹಗ್ಗಜಗ್ಗಾಟ. ಹಳೇ ಕಟ್ಟಡ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರು ಉಳಿಸಬಹುದು ಅಂದರು, ಬೇರೆ ಸಮಿತಿಗಳು ಕೆಡವಿ ಅಂದವು, ಕೋರ್ಟಿಗೂ ಹೋಯ್ತು. ಆ ತಾಂತ್ರಿಕ ಜಗಳಕ್ಕೆ ನಾನು ಇಲ್ಲಿ ಇಳಿಯಲ್ಲ. ನನ್ನ ಕಿವಿಗೆ ಚುಚ್ಚೋದು ಒಂದೇ ಮಾತು: "ಕೆಡವಿದರೇನು, ಅದೇ ಥರ ಕಟ್ತೀವಲ್ಲ!"

ಅದೇ ಥರ. ಏನು ಅದೇ ಥರ? ಮುಂದಿನ ಕಮಾನು ಅದೇ ಥರ, ಬಣ್ಣ ಅದೇ ಥರ. ಹಿಂದೆ ಆರ್‌ಸಿಸಿ. ಒಳಗೆ ವೀಳ್ಯದೆಲೆ ಸಾಲು, ಬಾಳೆಹಣ್ಣಿನ ಸಾಲು, ಕುಂಕುಮ ಅರಿಶಿನದ ಗುಡ್ಡೆ, ಅಪ್ಪ ಕೂತ ಕಟ್ಟೆ ಮೇಲೇ ಮಗ ಕೂರೋ ಆ ನೂರಾರು ಅಂಗಡಿ, ನಡು ಬೇಸಿಗೆಯಲ್ಲೂ ತಣ್ಣಗಿರೋ ಓಣಿ, ಇದೆಲ್ಲ ಅದೇ ಥರ ಬರುತ್ತಾ? ಅಜ್ಜಿ ತೀರಿಕೊಂಡ ಮೇಲೆ ಅಜ್ಜಿಯ ಸೀರೆ ಉಡಿಸಿ ಗೊಂಬೆ ಕೂರಿಸಿದರೆ ಮೊಮ್ಮಕ್ಕಳು ನಮಸ್ಕಾರ ಮಾಡಬಹುದು, ಕಥೆ ಹೇಳಿಸಿಕೊಳ್ಳೋಕೆ ಆಗುತ್ತೇನ್ರೀ?

ಇಷ್ಟು ಓದುವಷ್ಟರಲ್ಲಿ ನನ್ನ ಗೆಳೆಯರಲ್ಲಿ ಒಬ್ಬನಂತೂ ಕಾಮೆಂಟ್ ಟೈಪ್ ಮಾಡ್ತಿರ್ತಾನೆ, ಗೊತ್ತು. "ಪೋಲೆಂಡಿನ ವಾರ್ಸಾ ನೋಡಯ್ಯಾ! ಎರಡನೇ ಮಹಾಯುದ್ಧದಲ್ಲಿ ಹೆಚ್ಚುಕಡಿಮೆ ನೆಲಸಮ ಆದ ಹಳೇ ಪೇಟೆಯನ್ನ ಹಳೇ ಚಿತ್ರಗಳನ್ನ ನೋಡಿಕೊಂಡು ಹಾಗೇ ಕಟ್ಟಿದರು, 1980ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿಸಿದರು." ಸರಿ ಮಾರಾಯ, ಒಪ್ಪಿದೆ. ಆದರೆ ವಾರ್ಸಾ ಕೆಡವಿದ್ದು ಹಿಟ್ಲರನ ಸೈನ್ಯ. ಕಟ್ಟಿದ್ದು ಆ ಊರಿನ ಜನ. ಇಲ್ಲಿ ಕೆಡವೋರೂ ನಾವೇ, ಕಟ್ತೀವಿ ಅನ್ನೋರೂ ನಾವೇ. ಬೆಂಗಳೂರಿನ ವಿಕಾಸಸೌಧ ಇದೆಯಲ್ಲ, 2005ರದ್ದು, ವಿಧಾನಸೌಧದ ತದ್ರೂಪು ಅಂತ ಪಕ್ಕದಲ್ಲೇ ನಿಲ್ಲಿಸಿದ್ದು. ನಿಜ ಹೇಳಿ, ಯಾರಾದರೂ ಊರಿಂದ ಬಂದ ನೆಂಟರನ್ನ ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆದಿದ್ದೀರಾ?

ಈಗ ನನ್ನ ವಿಷಯ. ಇದನ್ನ ಬರೆಯೋದೋ ಬೇಡವೋ ಅಂತ ಎರಡು ಸಲ ಅಳಿಸಿದೆ.

ನಾನು ಡಿಪ್ಲೊಮಾ ಮಾಡಿ ಇಪ್ಪತ್ತಾರು ವರ್ಷ ಸೈಟಲ್ಲಿ ಬಿಸಿಲು ಕಾದವನು, ನಿಮಗೆ ಗೊತ್ತೇ ಇದೆ. 1997ರಲ್ಲಿ ತಂಗಿ ಮದುವೆ. ಅಪ್ಪನ ಮನೆ, ಸುಮಾರು ತೊಂಬತ್ತು ವರ್ಷದ್ದು, ಗಾರೆಯ ಗೋಡೆ. ಕೆಲವು ಕಡೆ ಗಿಲಾವು ಉದುರಿತ್ತು. ಗಂಡಿನ ಕಡೆಯವರು ಬರ್ತಾರೆ, ಮನೆ ನೀಟಾಗಿರಲಿ ಅಂತ ನಾನೇ ಮುಂದೆ ನಿಂತು ಗಾರೆ ಎಲ್ಲ ಕೆತ್ತಿಸಿ ಸಿಮೆಂಟ್ ಗಿಲಾವು ಮಾಡಿಸಿದೆ. ಒಂದು ಸಿಮೆಂಟಿಗೆ ನಾಲ್ಕು ಮರಳಿನ ಮಿಕ್ಸ್. ಆಗ ನಮ್ಮ ಹತ್ತಿರ ಕೆಲಸಕ್ಕಿದ್ದ ಒಬ್ಬ ಮುದುಕ ಮೇಸ್ತ್ರಿ ಬೇಡ ಅಂದ. ಸುಣ್ಣ ನೆನೆಹಾಕಿ ಕೊಳೆಸಿ, ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲದ ನೀರು, ಅಳಲೆಕಾಯಿ ನೀರು ಬಿಟ್ಟು ಗಾಣದಲ್ಲಿ ಅರೆಯೋದನ್ನ ನೋಡಿ ಬೆಳೆದವನು. ಅವನು ಹೇಳಿದ್ದು ನನಗೆ ಇವತ್ತಿಗೂ ಹಾಗೇ ನೆನಪಿದೆ: "ಹಳೇ ಗ್ವಾಡೆ ಬೆವರ್ತದೆ ಸ್ವಾಮಿ. ಇದನ್ನ ಬಳಿದ್ರೆ ರೇನ್‌ಕೋಟು ಹಾಕ್ಕಂಡು ಗದ್ದೆ ಉತ್ತಂಗೆ ಆಯ್ತದೆ."

ನಾನು ನಕ್ಕೆ. ಡಿಪ್ಲೊಮಾ ಓದಿದ್ದೆನಲ್ಲ!

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹಳೇ ಗೋಡೆಗೆ ತಳಪಾಯದಲ್ಲಿ ತೇವ ತಡೆಯೋ ಪದರ ಅಂತ ಇರಲ್ಲ. ನೆಲದ ನೀರು ಗೋಡೆ ಏರುತ್ತೆ, ಗಾರೆ ಅದನ್ನ ಗಾಳಿಗೆ ಬಿಟ್ಟುಕೊಡುತ್ತೆ. ಸಿಮೆಂಟ್ ಬಿಡಲ್ಲ. ಒಳಗೇ ಸಿಕ್ಕಿಕೊಂಡ ನೀರು ಇನ್ನೂ ಮೇಲಕ್ಕೆ ಹತ್ತುತ್ತೆ, ಜೊತೆಗೆ ಉಪ್ಪನ್ನೂ ಹತ್ತಿಸುತ್ತೆ. ಮೂರನೇ ಮಳೆಗಾಲಕ್ಕೆ ನಮ್ಮ ಪಡಸಾಲೆ ಗೋಡೆ ಎದೆಮಟ್ಟಕ್ಕೆ ಉಪ್ಪು ಹಿಡೀತು. ಗಿಲಾವು ಹಲಗೆ ಹಲಗೆಯಾಗಿ ಬಿಟ್ಟುಕೊಂಡು ಬರೋದು, ಬರುವಾಗ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬರೋದು. ಗೋಡೆಯೊಳಗೆ ಕೂತಿದ್ದ ತೊಲೆಯ ತುದಿ ಕೊಳೀತು. ಅಪ್ಪ ಒಂದು ದಿನವೂ ಏನೂ ಅನ್ನಲಿಲ್ಲ. ದಿನಾ ಬೆಳಿಗ್ಗೆ ಪೇಪರ್ ಓದಿ ಮುಗಿಸಿ, ತೆಂಗಿನ ನಾರಿನ ಬ್ರಷ್ ತಗೊಂಡು ಗೋಡೆ ಮೇಲೆ ಅರಳಿರೋ ಬಿಳೀ ಪುಡಿ ಉಜ್ಜೋರು. ಕೆಳಗೆ ಹಳೇ ಪೇಪರ್ ಹಾಸಿಕೊಂಡು ಉದುರಿದ್ದನ್ನ ಮಡಿಸಿ ಆಚೆ ಎಸೆಯೋರು. ಮಾರನೇ ದಿನ ಮತ್ತೆ ಅಷ್ಟೇ ಪುಡಿ. ಹೀಗೇ ಒಂಬತ್ತು ವರ್ಷ. ಅವರು ಹೋದ ಮೇಲೆ ಮನೆ ಮಾರಿದೆವು, ತಗೊಂಡವರು ಕೆಡವಿದರು. ಅವರ ತಪ್ಪೇನಿಲ್ಲ, ಅಷ್ಟೊತ್ತಿಗೆ ಅದರಲ್ಲಿ ಉಳಿದಿದ್ದಾದರೂ ಏನು?

ಹಾಗಾಗಿ ಕೆಫೆ ಹುಡುಗರ ಮೇಲೆ ಕೂಗಾಡೋ ಯೋಗ್ಯತೆ ನನಗಿಲ್ಲ. ಆದರೂ ಕೂಗಾಡ್ತೀನಿ. ಹಾಳು ಮಾಡಿದವನಿಗೇ ಹಾಳಾಗೋದು ಹೇಗೆ ಅಂತ ಚೆನ್ನಾಗಿ ಗೊತ್ತಿರುತ್ತೆ.

ಇನ್ನು "ಹಳೇ ಮನೆ ಅಂತ ದೂರ ನಿಂತು ಹೊಗಳೋದು ಸುಲಭ, ಒಳಗಿರೋರಿಗೆ ಗೊತ್ತು ಕಷ್ಟ" ಅನ್ನೋ ಮಾತು. ಅತ್ತಿಗೆಯವರು ಹೋದ ಸಲ ಮುಖಕ್ಕೇ ಹೇಳಿದ್ದರು. ಮಳೆ ಬಂದರೆ ತೊಟ್ಟಿಗೆ ಪಾತ್ರೆ ಇಡಬೇಕು, ಬಚ್ಚಲು ಹಿತ್ತಲಲ್ಲಿ, ಮಂಡಿ ನೋವಿನವರು ಹೊಸ್ತಿಲು ದಾಟೋದೇ ಸಾಹಸ, ಗಾರೆ ಕೆಲಸಕ್ಕೆ ಜನ ಸಿಗಲ್ಲ, ಸಿಕ್ಕರೆ ದುಡ್ಡು ಸಾಲಲ್ಲ. ಸರ್ಕಾರ ಪಟ್ಟಿಗೆ ಹೆಸರು ಸೇರಿಸುತ್ತೆ, ಹೆಂಚು ಬದಲಾಯಿಸೋಕೆ ಹತ್ತು ಪೈಸೆ ಕೊಡಲ್ಲ. ನಿಜ, ಎಲ್ಲಾ ನಿಜ. ಆದರೆ ಬಚ್ಚಲು ಒಳಗೆ ಬೇಕು ಅಂದರೆ ಜಗಲಿ ಯಾಕೆ ಒಡೀಬೇಕು ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ತಗಡಿನ ಹೆಂಚು, ಫೈಬರ್ ಕಮಾನು, ವಾರ್ನಿಷ್, ಲೈಟು, ಇವೇನು ಬಿಟ್ಟಿ ಬಂದವಾ? ಆ ದುಡ್ಡಲ್ಲಿ ಹೆಂಚಿನ ಕೆಳಗಿನ ಮುರಿದ ರೀಪರ್ ಪಟ್ಟಿ ಬದಲಾಯಿಸಿ, ಒಡೆದ ಹೆಂಚು ತೆಗೆದು ಬೇರೆ ಕೂರಿಸಬಹುದಿತ್ತು. ಮಂಗಳೂರು ಹೆಂಚಿನ ಗುಣವೇ ಅದು, ಒಂದೊಂದನ್ನೇ ಬದಲಾಯಿಸಬಹುದು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದಾಗಿಂದ ಈ ಹೆಂಚು ಒಂದಕ್ಕೊಂದು ಕೊಂಡಿ ಹಾಕಿಕೊಂಡೇ ಕೂತಿವೆ. ಹಳೇ ಹೆಂಚು ಬೇಕು ಅಂದರೆ ಗುಜರಿಯಲ್ಲಿ ರಾಶಿ ಬಿದ್ದಿದೆ. ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾ?

ಹೊರಡೋ ಮುಂಚೆ ಆ ಸ್ಕ್ರೂ ಹುಡುಗನನ್ನ ಇನ್ನೊಂದು ಮಾತು ಕೇಳಿದೆ. ಅವನ ಕಾಲಡಿ ಕೆತ್ತಿ ಹಾಕಿದ ಗಾರೆಯ ರಾಶಿ ಬಿದ್ದಿತ್ತು. ಒಂದು ಚೂರು ಎತ್ತಿಕೊಂಡು, "ಇದೇನು ಗೊತ್ತೇನಪ್ಪಾ?" ಅಂದೆ. ಹುಡುಗ ಡ್ರಿಲ್ ನಿಲ್ಲಿಸಿ ನೋಡಿದ.

"ಗಾರೆ ಅಲ್ವಾ ಸಾರ್. ನಮ್ಮ ತಾತ ಮಾಡೋರು. ಗಾಣದ ಕಲ್ಲು ಇನ್ನೂ ಊರಲ್ಲಿದೆ, ದನಕ್ಕೆ ನೀರು ಇಡ್ತೀವಿ."

"ನಿನಗೆ ಬರುತ್ತಾ?"

"ನಂದು ಫಾಲ್ಸ್ ಸೀಲಿಂಗ್ ಸಾರ್."

ಆ ಚೂರು ಈಗ ನನ್ನ ಮೇಜಿನ ಮೇಲಿದೆ. ಒಂದು ಮೈ ನುಣುಪು, ಕಲ್ಲಲ್ಲಿ ಉಜ್ಜಿ ಉಜ್ಜಿ ಹೊಳಪು ತರಿಸಿದ್ದು. ಇನ್ನೊಂದು ಮೈಯಲ್ಲಿ ಸಣ್ಣ ಇದ್ದಿಲ ಕಣ, ಕೆಂಪು ಇಟ್ಟಿಗೆ ಪುಡಿ, ಕರಗದೇ ಉಳಿದ ಸುಣ್ಣದ ಬಿಳೀ ಚುಕ್ಕೆ. ಹೆಂಡತಿ ಬಂದು ನೋಡಿ, "ಇದನ್ನ ಯಾಕೆ ತಂದ್ರಿ, ಮೇಜೆಲ್ಲ ಧೂಳು" ಅಂದಳು. ಕೆಳಗೊಂದು ಹಳೇ ಪೇಪರ್ ಹಾಸಿದೀನಿ.