ವಾಡ್ಸೊನೋ, ವಾರ್ಡೊನೋ?

ನಾರ್ವೆಯ ಈಶಾನ್ಯ ತುದಿಯಲ್ಲಿ, ರಷ್ಯಾ ಗಡಿಯ ಪಕ್ಕದಲ್ಲೇ ಕಿರ್ಕೆನೆಸ್ ಅಂತ ಒಂದು ಊರು. ಅಲ್ಲಿಂದ ವಾಡ್ಸೊಗೆ ಆಕಾಶದಲ್ಲಿ ಬರೀ 38 ಕಿ.ಮೀ., ಸುಮಾರು 15 ನಿಮಿಷ. ಕಾರಲ್ಲಿ ಹೋದರೆ 170 ಕಿ.ಮೀ. ಹತ್ತಿರ! ನಡುವೆ ವರಾಂಗರ್ ಫ್ಯೋರ್ಡ್, ಅಂದರೆ ನೆಲದೊಳಕ್ಕೆ ಉದ್ದಕ್ಕೆ ನುಗ್ಗಿದ ಕಡಲು, ಅಡ್ಡ ಮಲಗಿದೆ. ಅದರ ತುದಿ ಮುಟ್ಟಿ ಸುತ್ತು ಹಾಕಿಯೇ ಬರಬೇಕು. ನಮ್ಮ ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆ ಆಗುವ ಮೊದಲು ಸಿಗಂದೂರು ಲಾಂಚ್ ತಪ್ಪಿಸಿಕೊಂಡವರಿಗೆಲ್ಲ ಈ ಲೆಕ್ಕ ಗೊತ್ತು.

ಓಸ್ಲೋದಲ್ಲಿ ಕೆಲಸಕ್ಕಿರುವ ನಾನು ರಜೆಗೆ ಹೊರಡುವ ಮುಂಚೆ ಅಮ್ಮನಿಗೆ ಫೋನ್ ಮಾಡಿ ಇಷ್ಟನ್ನೂ ಒಪ್ಪಿಸಿದ್ದೆ.

"ಹದಿನೈದು ನಿಮಿಷಕ್ಕೆ ವಿಮಾನ ಎಂತಕ್ಕೆ ಮಾರಾಯ? ತಿಂಡಿ ಆದ್ರೂ ಕೊಡ್ತಾರಾ?" ಅಂದಳು.

ಕೊಡಲಿಲ್ಲ. ರೆಕ್ಕೆಗೆ ಫ್ಯಾನ್ ಕಟ್ಟಿಕೊಂಡ 39 ಸೀಟಿನ ಪುಟ್ಟ ವಿಮಾನ ಅದು. ಆಚೆ ದಡದ ಊರುಗಳ ರನ್‌ವೇ ಒಂದು ಕಿ.ಮೀ. ಆಸುಪಾಸು, ದೊಡ್ಡ ಜೆಟ್ ಅಲ್ಲಿ ಇಳಿಯಲಾರದು. ಹಾಗಾಗಿ ಇವೇ ಅಲ್ಲಿನ ಲೋಕಲ್ ಬಸ್ಸು. ಒಂದೂರಲ್ಲಿ ಇಳಿಸಿ, ಹತ್ತಿಸಿಕೊಂಡು ಮುಂದಿನ ಊರಿಗೆ ಹೋಗುತ್ತವೆ. ಇಂಥದ್ದಕ್ಕೆ ನಾನು ಎರಡು ಗಂಟೆ ಮುಂಚೆ ಹೋಗಿ ಕೂತಿದ್ದೆ, ಬೆಂಗಳೂರಿನ ಅಭ್ಯಾಸ.

ವಿಮಾನ ಇಳಿಯಿತು. ಗಡಿಯಾರ ನೋಡಿದೆ. ಹನ್ನೆರಡೇ ನಿಮಿಷ. ಲೆಕ್ಕದ ಪ್ರಕಾರ ನನ್ನ ಊರು ಇನ್ನೂ ಬರಬಾರದು. ಬೋರ್ಡಿಂಗ್ ಪಾಸ್ ನೋಡಿದ ಗಗನಸಖಿಯೂ "ನಿಮ್ಮದು ಮುಂದಿನದು" ಅಂದಳು. ಪಕ್ಕದ ಸೀಟಿನ ಅಜ್ಜಿಗೆ ಕಾಲು ಮಡಚಿ ದಾರಿ ಬಿಟ್ಟೆ. ಕಿಟಕಿಯಿಂದ ಟಾಟಾ ಕೂಡ ಮಾಡಿದೆ.

ಮುಂದಿನ ಊರಲ್ಲಿ ಇಳಿದು ಟ್ಯಾಕ್ಸಿಯವನಿಗೆ ಹೋಟೆಲ್ ವಿಳಾಸ ತೋರಿಸಿದೆ. ಆತ ಒಮ್ಮೆ ಫೋನ್ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಮತ್ತೆ ಫೋನ್ ಮೇಲೆ ಬೆರಳಿಟ್ಟು ಅಕ್ಷರ ಕಲಿಸಿದ. ಹೋಟೆಲ್ ಇದ್ದದ್ದು ವಾಡ್ಸೊದಲ್ಲಿ. ನಾನು ಟಿಕೆಟ್ ತೆಗೆದದ್ದು ವಾರ್ಡೊಗೆ. ಒಂದರಲ್ಲಿ ಡಿ ಆದಮೇಲೆ ಎಸ್, ಇನ್ನೊಂದರಲ್ಲಿ ಆರ್ ಆದಮೇಲೆ ಡಿ. ಕೊನೆಗೆ ಎರಡಕ್ಕೂ ಅದೇ ಗೆರೆ ಎಳೆದ ಸೊನ್ನೆ. ಊರಿಗೆ ಹೆಸರಿಡುವವರು ಸ್ವಲ್ಪ ಯೋಚಿಸಬೇಡವೇ?

ಆತ ಪಾಪ, ಸಮುದ್ರದಡಿಯ ಸುರಂಗ ದಾಟಿಸಿ ವಾರ್ಡೊ ಪೇಟೆಯ ಬಸ್ ಸ್ಟಾಪಿಗೆ ಬಿಟ್ಟ. ಅಲ್ಲಿಂದ ಅದೇ ಸುರಂಗದಲ್ಲಿ ವಾಪಸ್, ಆಮೇಲೆ ಕಡಲ ಬದಿಯ ರಸ್ತೆ. ಒಟ್ಟು 75 ಕಿ.ಮೀ.

ಮರುದಿನ ವಾಡ್ಸೊದಲ್ಲಿ ಒಂದು ಕಬ್ಬಿಣದ ಕಂಬ ನೋಡಲು ಹೋದೆ. 1926ರಲ್ಲಿ ನಾರ್ವೆಯ ಧ್ರುವಯಾತ್ರಿ ಅಮುಂಡ್ಸೆನ್ ಅವರ ತಂಡ ತನ್ನ ವಾಯುನೌಕೆಯನ್ನು ಇದಕ್ಕೆ ಕಟ್ಟಿ, ಇಲ್ಲಿಂದ ಮುಂದೆ ಉತ್ತರ ಧ್ರುವದ ಮೇಲೆ ಹಾರಿತ್ತು. ಧ್ರುವ ಸರಿಯಾಗಿ ಸಿಕ್ಕಿತ್ತು ಅವರಿಗೆ. ಅದರ ಬುಡದಲ್ಲಿ ನಿಂತಿದ್ದಾಗಲೇ ಅಮ್ಮನ ಫೋನ್ ಬಂತು.

"ಎಷ್ಟು ಹೊತ್ತಾಯ್ತೋ?"

"ವಿಮಾನ ಹದಿನೈದು ನಿಮಿಷವೂ ತಗೊಳ್ಳಲಿಲ್ಲ ಅಮ್ಮ." ಸುಳ್ಳೇನಲ್ಲವಲ್ಲ.

"ತಿಂಡಿ?"

"ಬಸ್ ಸ್ಟಾಪಲ್ಲಿ ಒಂದು ಬನ್ ತಿಂದೆ."

ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ವಿಮಾನದಲ್ಲಿ ಹೋದವ ಬಸ್ ಸ್ಟಾಪಿಗೆ ಎಂತಕ್ಕೆ ಹೋದೆ?"