ಮಾವನ ಕಾರು ಹೊಡೆದ ಎರಡು ಗುಂಡು

ಹೋದ ಆಗಸ್ಟಲ್ಲಿ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ತೋಟದ ಅಜ್ಜ ಕೊಡೆ ಹಿಡ್ಕೊಂಡು, ಮುಖ ಸಪ್ಪಗೆ ಮಾಡ್ಕೊಂಡು ನಮ್ಮ ಅಂಗಳಕ್ಕೆ ಬಂದ್ರು. ಕೂತ್ಕೊಳ್ಳಿ ಅಂದ್ರೆ ಕೂರ್ಲಿಲ್ಲ, ಕಾಫಿನೂ ಬೇಡ ಅಂದ್ರು. ಸ್ವಲ್ಪ ಹೊತ್ತು ನಿಂತು ಮೆಲ್ಲಗೆ ಕೇಳಿದ್ರು, "ಯಾರಪ್ಪಾ ಹೋಗಿದ್ದು?"

ನಮ್ಮ ಕೊಡಗಲ್ಲಿ ಗೊತ್ತಲ್ಲ, ಕೊಡವರ ಮನೇಲಿ ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಬೆನ್ನುಬೆನ್ನಿಗೆ ಎರಡು. ನಾವು ಕೊಡವರಲ್ಲ, ಮನೇಲಿ ಕೋವಿನೂ ಇಲ್ಲ, ಆದ್ರೆ ಅವತ್ತು ನಮ್ಮ ಅಂಗಳದಿಂದ ಕೇಳಿದ್ದು ಸರಿಯಾಗಿ ಎರಡು. ಹೊಡೆದಿದ್ದು ನಮ್ಮ ಕಾರಿನ ಸೈಲೆನ್ಸರು. ಅಜ್ಜನಿಗೆ ಇದನ್ನ ಹೇಳಿದ್ಮೇಲೆ ಅವರು ಕೊಡೆ ಮಡಚಿಟ್ಟು, ಕಾಫಿ ತರಿಸ್ಕೊಂಡು ಆರಾಮಾಗಿ ಕೂತು ಒಂದು ಗಂಟೆ ಬುದ್ಧಿ ಹೇಳಿದ್ರು. "ಡೀಸೆಲ್ ಜೀಪ್ ತಗೋ ಅಂತ ನಾನು ಆವಾಗ್ಲೇ ಹೇಳಿದ್ದೆ. ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ಗೂ ಇಲ್ಲ, ಆ ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡೆಲ್ಕೋನೂ ಇಲ್ಲ. ಈ ಮಳೆಗೆ ಪೆಟ್ರೋಲ್ ಗಾಡಿ ಇಟ್ಕೊಳ್ಳೋದು ಅಂದ್ರೆ ಮನೇಲಿ ಶೀತದ ಮಗು ಇಟ್ಕೊಂಡ ಹಾಗೆ."

ಕಾರು ನಾನು ತಗೊಂಡಿದ್ದಲ್ಲ, ಮಾವ ಕೊಟ್ಟಿದ್ದು. 1997ರ ಮಾಡೆಲ್ಲು, ಮೂರೇ ಸಿಲಿಂಡರು, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಕಾಲದ್ದು. ಮಾವ ಕೊಟ್ಟ ಕಾರಿನ ಕಷ್ಟ ಏನಂದ್ರೆ ಅದು ಕೆಟ್ಟಿದೆ ಅಂತ ಮನೇಲಿ ಹೇಳೋ ಹಾಗಿಲ್ಲ. "ಅಪ್ಪ ಇಪ್ಪತ್ತು ವರ್ಷ ಓಡಿಸಿದ್ರು, ಒಂದಿನ ಕೆಮ್ಮಿಲ್ಲ ಅದು. ನೀವು ಓಡಿಸೋ ಸ್ಟೈಲೇ ಹಾಗೆ" ಅಂತಾಳೆ ಹೆಂಡತಿ. ಆದ್ರೆ ಜೂನಲ್ಲಿ ಮಳೆ ಹಿಡಿದಾಗಿಂದ ಅದು ಬೆಳಿಗ್ಗೆ ಸ್ಟಾರ್ಟ್ ಆದ ತಕ್ಷಣ ಚಳಿಜ್ವರ ಬಂದವರ ಥರ ನಡುಗೋದು, ಗೇರ್ ಲಿವರ್ರು ತಾನಾಗೇ ತಾಳ ಹಾಕೋದು, ಕನ್ನಡಿಲಿ ಹಿಂದಿನ ಗೇಟು ಎರಡೆರಡು ಕಾಣೋದು, ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಡುಬಕ್ ಅಂತ ಆಫ್. ಮೆಕ್ಯಾನಿಕ್‌ಗಳ ಭಾಷೇಲಿ ಇದಕ್ಕೆ ಮಿಸ್ಸಿಂಗು ಅಂತಾರೆ.

ಗ್ಯಾರೇಜಿಗೆ ತೋರ್ಸಿದ್ರಾಯ್ತು ಅಂತ ಮೂರ್ನಾಡಿನ ಹತ್ರದ ನಮ್ಮನೆಯಿಂದ ಹೊರಟು, ಮೇಕೇರಿ ಏರು ಹತ್ತಿಸಿ ಮಡಿಕೇರಿ ತಲುಪೋ ಹೊತ್ತಿಗೆ ಕಾರು ಹೊಲಿಗೆ ಮಷೀನ್ ಥರ ಸರ್ರಂತ ಓಡ್ತಿರೋದು. ಡಾಕ್ಟರ ಕ್ಲಿನಿಕ್ ಮೆಟ್ಟಿಲು ಹತ್ತಿದ ಕೂಡ್ಲೆ ಹೊಟ್ಟೆನೋವು ವಾಸಿಯಾಗೋ ಮಕ್ಕಳ ಹಾಗೆ. ಮೇಸ್ತ್ರಿ ಬಾನೆಟ್ ಎತ್ತಿ ಕೇಳಿ, "ಚೆನ್ನಾಗೇ ಇದೆಯಲ್ಲ ಸಾರ್" ಅಂದು ನನ್ನನ್ನ ಒಂಥರಾ ನೋಡಿದ. "ಬೆಳಿಗ್ಗೆ ಮಾತ್ರ ಹೀಗೆ ಮಾಡುತ್ತೆ" ಅಂದೆ. "ಬೆಳಿಗ್ಗೆನೇ ತನ್ನಿ." "ಬೆಳಿಗ್ಗೆನೇ ತಂದಿದ್ದು, ಬರೋವಷ್ಟರಲ್ಲಿ ಸರಿಯಾಗುತ್ತೆ." ಅವನು ಸ್ವಲ್ಪ ಯೋಚಿಸಿ, ಮಡಿಕೇರಿ 1,100 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು, ಪೆಟ್ರೋಲ್ ಜಾಸ್ತಿ ಹೋಗ್ತಿರಬೇಕು ಅಂದ. ಅದು ಸುಳ್ಳಲ್ಲ, ಆದ್ರೆ ಮಡಿಕೇರಿ ಬೆಳಿಗ್ಗೆ ಮಾತ್ರ ಎತ್ತರದಲ್ಲಿ ಇರೋದಿಲ್ವಲ್ಲ. ಪ್ಲಗ್ ಮೂರೂ ಹೊಸದು ಹಾಕಿ, ಕಾರ್ಬೊರೇಟರ್ ಬಿಚ್ಚಿ ತೊಳೆದು 1,800 ರೂಪಾಯಿ ತಗೊಂಡ. ಮಾರನೇ ದಿನ ಬೆಳಿಗ್ಗೆನೇ ಆ ಎರಡು ಗುಂಡು.

ಊರಲ್ಲಿ ಸಲಹೆಗೇನು ಬರ. ಅಂಗಡಿಯವನು ಹೊಗೆ ಬಣ್ಣ ನೋಡು ಅಂದ, ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ, ನೀಲಿಯಾದ್ರೆ ಆಯಿಲ್ ಸುಡ್ತಿದೆ, ಬಿಸಿಯಾದ್ಮೇಲೂ ದಟ್ಟ ಬಿಳಿ ಬಂದ್ರೆ ಕೂಲೆಂಟ್ ಒಳಗೆ ಇಳೀತಿದೆ. ಅವತ್ತು ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟರ ಮಾರನೇ ದಿನ, ಎಲ್ಲರ ಮನೇಲೂ ಮದ್ದು ಸೊಪ್ಪಿನ ಪಾಯಸ ಆಗಿತ್ತು, ಅದು ತಿಂದ್ರೆ ಮೂತ್ರವೇ ಕೆಂಪಾಗುತ್ತೆ. ಬಣ್ಣ ನೋಡಿ ಕಾಯಿಲೆ ಹೇಳೋದಾದ್ರೆ ಅವತ್ತು ಇಡೀ ಊರನ್ನೇ ಅಡ್ಮಿಟ್ ಮಾಡ್ಬೇಕಿತ್ತು, ನಾನು ಆ ದಾರಿ ಬಿಟ್ಟೆ.

ಕೊನೆಗೆ ನಾನೇ ಇಳಿದೆ. ಇಂಜಿನ್ ಓಡ್ತಿರುವಾಗ ಪ್ಲಗ್ಗಿನ ವಯರು ಒಂದೊಂದೇ ಕೀಳ್ಬೇಕು, ಕಿತ್ತಾಗ ಇಂಜಿನ್ ಇನ್ನೂ ಕುಗ್ಗಿದ್ರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ, ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದೇ ಸೋಮಾರಿ. ಆಫೀಸಿಗೂ ಈ ಟೆಸ್ಟ್ ಅನ್ವಯ ಆಗುತ್ತೆ, ಇರ್ಲಿ. ಒಂದನೇದು ಕಿತ್ತೆ, ಇಂಜಿನ್ ಸಾಯೋ ಹಾಗಾಯ್ತು. ಎರಡನೇದೂ ಹಾಗೇ. ಮೂರನೇದಕ್ಕೆ ಕೈ ಹಾಕುವಾಗ ಕೈಗೆ ಸುತ್ತಿದ್ದ ಬಟ್ಟೆ ಜಾರಿ ಒದ್ದೆ ಬೆರಳು ವಯರಿಗೆ ತಾಗ್ತು ನೋಡಿ. ಬ್ಯಾಟರಿಯ 12 ವೋಲ್ಟನ್ನ ಕಾಯಿಲ್ ಸಾವಿರಾರು ವೋಲ್ಟ್ ಮಾಡುತ್ತೆ ಅಂತ ಓದಿದ್ದೆ, ಅವತ್ತು ಮೊಣಕೈವರೆಗೆ ಜುಂ ಅಂತ ಅರ್ಥ ಆಯ್ತು. ವಯರು ಕೈಯಲ್ಲೇ ಕಿತ್ತು ಬಂದಿತ್ತು, ಇಂಜಿನ್ ಮಾತ್ರ ಮೊದಲು ಹೇಗೆ ನಡುಗ್ತಿತ್ತೋ ಹಾಗೇ ನಡುಗ್ತಿತ್ತು. ಮೂರನೇದೇ ಸೋಮಾರಿ! ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡೋ, ನಿಮಿಷಕ್ಕೆ 900 ಸುತ್ತಿನ ಐಡ್ಲಿಂಗಲ್ಲಿ ಒಂದೊಂದು ಸಿಲಿಂಡರಲ್ಲಿ 450 ಸಲ ಕಿಡಿ ಹತ್ಬೇಕು, ಇದರಲ್ಲಿ ಹತ್ತದೆ ಉಳಿದ ಪೆಟ್ರೋಲೆಲ್ಲ ಸೈಲೆನ್ಸರಿಗೆ ಹೋಗಿ ಅಲ್ಲಿ ಸಾವಿನ ಸುದ್ದಿ ಸಾರ್ತಿತ್ತು. ಆದ್ರೆ ಪ್ಲಗ್ ಹೊಸದು, ಮತ್ತೆ ಕಿಡಿ ಎಲ್ಲಿ ಹೋಗ್ತಿದೆ?

ಅವತ್ತಿಗೆ ಕರೆಂಟ್ ಹೋಗಿ ಮೂರು ದಿನ. ರಾತ್ರಿ ಶೆಡ್ಡಲ್ಲಿ ಹೆಂಡತಿ ಟಾರ್ಚ್ ಹಿಡ್ಕೊಂಡಿದ್ಲು, ನಾನು ಇಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಒಳಗೆ ತಲೆ ಹಾಕಿ ಗಂಭೀರವಾಗಿ ನೋಡ್ತಿದ್ದೆ. ಐದು ನಿಮಿಷ ಆಯ್ತು. "ಏನಾದ್ರೂ ಕಾಣುತ್ತಾ?" "ಇರು, ಯೋಚ್ನೆ ಮಾಡ್ತಿದೀನಿ." "ಯೋಚ್ನೆ ಮಾಡೋದಕ್ಕೆ ಲೈಟ್ ಯಾಕೆ, ಸೆಲ್ ಮುಗಿಯುತ್ತೆ" ಅಂತ ಟಾರ್ಚ್ ಆಫ್ ಮಾಡಿಬಿಟ್ಲು.

ಆಗ ಕಾಣ್ತು. ಡೆಲ್ಕೋ ಕ್ಯಾಪಿಂದ ಮೂರನೇ ವಯರು ಹೊರಡೋ ಜಾಗದಲ್ಲಿ ಕೂದಲಷ್ಟು ಸಣ್ಣ ನೀಲಿ ಬೆಳಕು, ಚಿಟ್ ಚಿಟ್ ಅಂತ ಹಾರಿ ಪಕ್ಕದ ಕಬ್ಬಿಣಕ್ಕೆ ಬೀಳ್ತಿದೆ. ಮಿಂಚುಹುಳ ಥರ, ಆದ್ರೆ ಸಿಟ್ಟು ಬಂದಿರೋ ಮಿಂಚುಹುಳ. ಇಬ್ರೂ ಮಾತಾಡದೆ ನೋಡ್ತಾ ನಿಂತ್ವಿ. ಇಂಜಿನ್ ಆಫ್ ಮಾಡಿ ಕ್ಯಾಪ್ ಬಿಚ್ಚಿದ್ರೆ ಒಳಗೆ ಬೆವರಿನ ಹಾಗೆ ಹನಿ, ಒಂದು ಕಡೆ ಪೆನ್ಸಿಲಲ್ಲಿ ಎಳೆದ ಹಾಗೆ ತೆಳು ಕಪ್ಪು ಗೆರೆ. ರಾತ್ರಿಯೆಲ್ಲ ಮಂಜು ಕುಡಿದು ಒದ್ದೆಯಾಗೋದು, ಕಿಡಿ ಪ್ಲಗ್ಗಿಗೆ ಹೋಗೋ ಬದಲು ಆ ಒದ್ದೆಯಲ್ಲೇ ಅಡ್ಡದಾರಿ ಹಿಡಿಯೋದು, ಮೇಕೇರಿ ಏರಲ್ಲಿ ಇಂಜಿನ್ ಬಿಸಿಗೆ ಒಣಗೋದು, ಗ್ಯಾರೇಜಲ್ಲಿ ನನ್ನ ಮಾನ ಹೋಗೋದು. ಕ್ಯಾಪನ್ನ ಒರೆಸಿ, ಅಗ್ಗಿಷ್ಟಿಕೆ ಮೇಲೆ ಒಣಗ್ತಿದ್ದ ಬನಿಯನ್ನು ಸಾಕ್ಸುಗಳ ಸಾಲಲ್ಲಿ ಸ್ವಲ್ಪ ದೂರಕ್ಕೆ ಇಟ್ವಿ. ಬೆಳಿಗ್ಗೆ ಬೆಚ್ಚಗಿರುವಾಗಲೇ ಹಾಕಿ ಕೀ ತಿರುಗಿಸಿದೆ. ನಡುಕ ಮುಕ್ಕಾಲು ಪಾಲು ಹೋಗಿತ್ತು.

ಅವತ್ತೇ ಮಡಿಕೇರಿಗೆ ಹೋಗಿ ಹೊಸ ಕ್ಯಾಪು, ವಯರಿನ ಸೆಟ್ಟು ತಂದೆ. ಉಳಿದ ಕಾಲು ಪಾಲು ನಡುಕಕ್ಕೆ ಕಾರಣ ಕಾರ್ಬೊರೇಟರ್ ಕೆಳಗಿನ ಬೆರಳಷ್ಟು ದಪ್ಪದ ರಬ್ಬರ್ ಪೈಪು. ಒಡೆದು ಸುಸ್ಸ್ ಅಂತ ಗಾಳಿ ಎಳ್ಕೊಳ್ತಿತ್ತು. ರೇಸ್ ಮಾಡಿದ್ರೆ ಗೊತ್ತೇ ಆಗ್ತಿರ್ಲಿಲ್ಲ, ಐಡ್ಲಿಂಗಲ್ಲಿ ಮಾತ್ರ ಕಾಟ. 40 ರೂಪಾಯಿ. ಹೆಂಡತಿಗೆ ಎಲ್ಲಾ ಬಿಡಿಸಿ ಹೇಳಿದೆ. "ಅಂದ್ರೆ ಅಪ್ಪನ ಕಾರಿಗೆ ಏನೂ ಆಗಿರ್ಲಿಲ್ಲ, ವಯರಿಗೆ ಆಗಿದ್ದು" ಅಂದ್ಲು.

ಈ ಸಾಧನೆಯ ಸುದ್ದಿ ನಾಪೋಕ್ಲಿನ ಭಾಮೈದನಿಗೂ ಮುಟ್ಟಿ, ಅವನ ಗಾಡಿನೂ ನಡುಗ್ತಿದೆ, ಭಾವ ಒಂದ್ಸಲ ನೋಡ್ಲಿ ಅಂತ ಫೋನ್ ಬಂತು. ಹಗಲಲ್ಲಿ ಆಗಲ್ಲ, ಕತ್ತಲಾಗ್ಲಿ ಅಂತ ಬಿಗುವಲ್ಲಿ ಹೇಳಿ ರಾತ್ರಿ ಎಂಟಕ್ಕೆ ಹೋದೆ. ಮನೆ ಲೈಟು, ಅಂಗಳದ ಲೈಟು, ಪಾಪ ಟಿವಿನೂ ಆಫ್ ಮಾಡಿಸಿ, ಬಾನೆಟ್ ಎತ್ತಿಸಿ, "ಸ್ಟಾರ್ಟ್ ಮಾಡು, ನೀಲಿ ಕಿಡಿ ಕಾಣುತ್ತೆ, ತಾಳ್ಮೆ ಬೇಕು ಅಷ್ಟೇ" ಅಂದೆ. ಸೋನೆ ಮಳೇಲಿ ಕಾಲು ಗಂಟೆ ಕಣ್ಣು ಬಿಟ್ಕೊಂಡು ನಿಂತಿದ್ದೆ. ಕಾಲಿಗೆ ಹತ್ತಿದ್ದ ಜಿಗಣೆ ಮಂಡಿ ದಾಟಿರಬೇಕು, ಅಷ್ಟೊತ್ತಿಗೆ ಡ್ರೈವರ್ ಸೀಟಿಂದ ಭಾಮೈದನ ದನಿ ಬಂತು.

"ಭಾವ, ಇದು ಡೀಸೆಲ್ ಜೀಪು."